ಹನ್ನೆರಡಕ್ಕೆ ಹನ್ನೆರಡು

ಭಾವ ತಮ್ಮ ಜೀವಮಾನದಲ್ಲಿ ನನ್ನಲ್ಲಿ ಕೇಳಿದ್ದು ಒಂದೇ ಒಂದು. ಅದನ್ನು ನಾನು ಕೊಡಲಿಲ್ಲ. ಕೊಡುವ ಹೊತ್ತಿಗೆ ಇಪ್ಪತ್ತಮೂರು ವರ್ಷಗಳು ಕಳೆದಿದ್ದವು.

ಆಗ ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ಆಸ್ಪತ್ರೆಗಳಲ್ಲಿ ರಕ್ತವನ್ನು ತಣ್ಣಗಿಡುವ ದೊಡ್ಡ ಪೆಟ್ಟಿಗೆಗಳನ್ನೂ ಅವುಗಳ ಉಷ್ಣತೆಯನ್ನು ಹಗಲಿರುಳು ಕಾಯುವ ಸಣ್ಣ ಕಂಪ್ಯೂಟರುಗಳನ್ನೂ ತಯಾರಿಸುವ ಕಾರ್ಖಾನೆ ಅದು. ಮೂರನೆಯ ಮಹಡಿಯ ಮೂಲೆಯ ಕೋಣೆಯಲ್ಲಿ ಎರಡು ಮೇಜು. ಕುರ್ಚಿ ಹಿಂದಕ್ಕೆ ಸರಿಸಿದರೆ ನನ್ನ ಬೆನ್ನು ಭಾವನ ಬೆನ್ನಿಗೆ ತಾಗುತ್ತಿತ್ತು. ಆ ಕಂಪ್ಯೂಟರಿನ ಕರ್ನೆಲ್ ಬರೆದವನು ನಾನು. ಅದರ ಮೇಲೆ ಓಡುವ ಪ್ರೋಗ್ರಾಂ ಬರೆದವರು ಅವರು. ನನಗೆ ಆ ಕೆಲಸ ಕೊಡಿಸಿದವರೂ ಅವರೇ.

ಕರ್ನೆಲ್ ಎಂದರೇನೆಂದು ಅಕ್ಕ ಒಮ್ಮೆ ಊಟಕ್ಕೆ ಕುಳಿತಾಗ ಕೇಳಿದ್ದಳು. ಭಾವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ವಿವರಿಸಿದ್ದರು.

"ನೋಡು, ನಿನ್ನ ತಮ್ಮ ಅಡುಗೆಮನೆ ಒಳಗಿರೋನು. ನಾನು ಹೊರಗೆ ಎಲೆ ಮುಂದೆ ಕೂತು ಕೂಗೋನು. ಒಲೆ, ಪಾತ್ರೆ ಒಂದನ್ನೂ ನಾನು ಮುಟ್ಟೋ ಹಾಗಿಲ್ಲ. ಬೇಕಾದ್ದನ್ನ ಕೇಳ್ಬೇಕು. ಹಾಗೆ ಕೇಳೋದಕ್ಕೇ ಸಿಸ್ಟಮ್ ಕಾಲ್ ಅಂತಾರೆ. ಇವನು ಒಳಗೇನೋ ಮಾಡಿ, ಆಯ್ತು ಅಂತಲೋ ಆಗ್ಲಿಲ್ಲ ಅಂತಲೋ ಅಲ್ಲಿಂದ್ಲೇ ಹೇಳ್ತಾನೆ."

"ಆಯ್ತು ಅಂದ್ರೆ ನಂಬಿಬಿಡ್ಬೇಕಾ?"

"ನಂಬದೆ ಏನ್ ಮಾಡ್ಲಿ? ಎದ್ದು ಹೋಗಿ ನೋಡೋಕೆ ಬಿಡಲ್ವಲ್ಲ, ನಿನ್ನ ತಮ್ಮ."

ಅಕ್ಕ ನಕ್ಕಿದ್ದಳು. "ಪುಟ್ಟ, ಇವರಿಗೆ ಸುಳ್ಳು ಹೇಳ್ಬೇಡ ಕಣೋ. ಹೇಳಿದ್ದನ್ನೆಲ್ಲ ನಂಬ್ತಾರೆ."

ಅದೇ ವರ್ಷದ ಕೊನೆಯಲ್ಲಿ, ಒಂದು ಬೆಳಿಗ್ಗೆ, ಭಾವ ಕುರ್ಚಿ ತಿರುಗಿಸಿ ನನ್ನ ಮೇಜಿನ ಅಂಚಿಗೆ ಮೊಣಕೈ ಊರಿದರು.

"ಭಾಮೈದ, ಒಂದು ಉಪಕಾರ ಮಾಡು. ನಿನ್ನ ಆ ಅಡುಗೆಮನೆ ಬಾಗಿಲ ಹತ್ತಿರ ಒಂದು ದೀಪ ಹಚ್ಚು. ಯಾವ ಪ್ರೋಗ್ರಾಂ ಬಂತು, ಏನ್ ಕೇಳ್ತು, ಏನ್ ಉತ್ತರ ತಗೊಂಡು ಹೋಯ್ತು, ಒಂದೊಂದು ಸಾಲು ಬರೆದಿಡ್ಲಿ."

"ನನ್ನ ಮೇಲೆ ಪತ್ತೇದಾರಿಕೆ ಶುರುವಾಯ್ತಾ ಭಾವ?"

"ನನ್ನ ಮೇಲೇ ಅನ್ಕೋ. ಒಂದೊಂದ್ಸಲ ಏನಾಗ್ತಿದೆ ಅಂತ ನಂಗೇ ತಿಳಿಯಲ್ಲ."

"ಪ್ರತಿ ಕರೆಗೂ ಅಷ್ಟು ಕೆಲಸ ಜಾಸ್ತಿ ಆಗುತ್ತೆ. ಕರ್ನೆಲ್ ಕುಂಟುತ್ತೆ."

"ಕುಂಟ್ಲಿ ಬಿಡು. ಕಣ್ಣು ಕಾಣೋ ಕುಂಟ, ಕುರುಡು ಓಟಗಾರನಿಗಿಂತ ವಾಸಿ."

ನನಗೆ ಆಗ ನಲವತ್ತಾರು. ನನ್ನ ಕರ್ನೆಲ್ಲಿನ ವೇಗವೆಂದರೆ ನನಗೆ ಮಗುವಿನ ಅಂದವಿದ್ದ ಹಾಗೆ. ಯಾರಾದರೂ ಬೊಟ್ಟು ಮಾಡಿದರೆ ಸಹಿಸುತ್ತಿರಲಿಲ್ಲ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದುಬಿಟ್ಟೆ.

ಭಾವ ಜೋರಾಗಿ ನಕ್ಕರು. "ನೆಲ ಡೊಂಕಿಲ್ಲ ಅಂತ ನೀನಾದ್ರೂ ಒಂದ್ಸಲ ಕುಣಿದು ನೋಡಿದೀಯೇನಯ್ಯಾ?" ಎಂದರು. ತಮ್ಮ ಮೇಜಿನತ್ತ ತಿರುಗುವ ಮುನ್ನ ಇನ್ನೊಂದು ಮಾತು ಸೇರಿಸಿದರು. "ಎಂದಾದ್ರೂ ಹಚ್ಚೋದಾದ್ರೆ ಹೊಸ್ತಿಲ ಹೊರಗಡೆ ಹಚ್ಚು. ನೀನು ಒಳಗೆ ಏನಂದೆ ಅನ್ನೋದಲ್ಲ, ನಂಗೆ ಹೊರಗೆ ಏನ್ ಕೇಳಿಸ್ತು ಅನ್ನೋದನ್ನ ಬರೀಬೇಕು."

"ಎರಡೂ ಒಂದೇ ಅಲ್ವಾ?"

"ಒಂದೇ ಆಗಿರ್ಬೇಕು," ಎಂದರು ಭಾವ.

ಅದಾದ ಏಳನೆಯ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಒಂದು ಆಸ್ಪತ್ರೆಯಲ್ಲಿ ನಮ್ಮ ಪೆಟ್ಟಿಗೆಯೊಂದು ಕೆಟ್ಟು ನಿಂತಿತು. ಒಳಗಿನ ಬಿಸಿ ಏರುವುದನ್ನು ಭಾವನ ಪ್ರೋಗ್ರಾಂ ಕಂಡಿತು. ಹನ್ನೆರಡು ಅಕ್ಷರಗಳ ಎಚ್ಚರಿಕೆಯನ್ನು ದಾದಿಯರ ಕೋಣೆಗೆ ಕಳಿಸುವಂತೆ ಕರ್ನೆಲ್ಲನ್ನು ಕೇಳಿತು. ಅಲ್ಲಿ ಗಂಟೆ ಮೊಳಗಲಿಲ್ಲ. ಸಂಜೆ ಯಾರೋ ಬಾಗಿಲು ತೆರೆದಾಗ ಇನ್ನೂರಕ್ಕೂ ಹೆಚ್ಚು ಚೀಲ ರಕ್ತ ಕೆಟ್ಟಿತ್ತು. ಸೋಮವಾರ ಹೆರಿಗೆಗೆ ಬಂದ ಒಬ್ಬಾಕೆಗೆ ರಕ್ತ ಬೇಕಾಯಿತು. ಬೇರೆಡೆಯಿಂದ ತರುವಷ್ಟರಲ್ಲಿ ಅದು ಬೇಡವಾಗಿತ್ತು.

ವಿಚಾರಣೆಗೆ ಮೂವರು ಬಂದರು. ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು. ಭಾವನ ಪ್ರೋಗ್ರಾಂ ತಾನೇ ಬರೆದಿಟ್ಟ ದಾಖಲೆಯನ್ನು ಅವರ ಮುಂದೆ ಹರಡಿದ್ದರು. ಭಾನುವಾರ ಎರಡೂ ಹತ್ತಕ್ಕೆ ಒಂದು ಸಾಲು: ಎಚ್ಚರಿಕೆ ಕಳಿಸಿದೆ, ಹನ್ನೆರಡಕ್ಕೆ ಹನ್ನೆರಡು ಅಕ್ಷರ ಹೋಯಿತು. ಆದರೆ ತಂತಿಯ ಆ ತುದಿಯ ಯಂತ್ರಕ್ಕೆ ಒಂದಕ್ಷರವೂ ಮುಟ್ಟಿರಲಿಲ್ಲ.

"ನಾನು ಕೇಳಿದೆ. ಹೋಯಿತು ಅಂತ ಉತ್ತರ ಬಂತು. ಬರದಿದ್ದರೆ ಮತ್ತೆ ಕಳಿಸುತ್ತಿದ್ದೆ," ಎಂದರು ಭಾವ.

ಮೂವರೂ ನನ್ನತ್ತ ನೋಡಿದರು. ಹೋಗದೆಯೇ ಹೋಯಿತೆಂದು ಹೇಳುವುದು ಕರ್ನೆಲ್ಲಿಗೆ ಸಾಧ್ಯವೇ ಎಂದು ನಡುವೆ ಕುಳಿತಿದ್ದವರು ಕೇಳಿದರು.

"ಇಲ್ಲ," ಎಂದೆ. "ಹೋಗದಿದ್ದರೆ ಅದು ಮೈನಸ್ ನಾಲ್ಕು ಎನ್ನುತ್ತದೆ. ಆಗಲಿಲ್ಲ, ಮತ್ತೆ ಕೇಳು ಎಂದರ್ಥ. ಅದು ಸುಳ್ಳು ಹೇಳುವುದಿಲ್ಲ."

ಆಗ ಭಾವ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿದ್ದಿದ್ದರೆ ನನ್ನ ಮುಪ್ಪು ಹಗುರವಾಗುತ್ತಿತ್ತು. ಅವರು ನೋಡಿದ್ದು, ತನ್ನ ಗಡಿಯಾರವೇ ತಪ್ಪಿರಬಹುದೆಂದು ಇನ್ನೊಬ್ಬನ ಮುಂಗೈಯನ್ನು ನೋಡುವವನ ಹಾಗೆ.

ತಪ್ಪು ಪ್ರೋಗ್ರಾಮಿನದೆಂದು ತೀರ್ಮಾನವಾಯಿತು. ಮುಂದಿನ ತಿಂಗಳು ಭಾವ ಕೆಲಸ ಬಿಟ್ಟರು. ಪೇಟೆಯ ಓಣಿಯೊಂದರಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿ ಇಟ್ಟರು. ಅಕ್ಕ ಒಂದು ಸಲ ನನ್ನ ಮನೆಗೆ ಬಂದಳು, ಒಳಗೆ ಬರಲಿಲ್ಲ.

"ಅವರು ಹಾಗೆ ಮಾಡೋರಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಪುಟ್ಟ."

"ನಂಗೆ ಗೊತ್ತಿದ್ದನ್ನ ಹೇಳ್ದೆ ಅಕ್ಕ."

"ಗೊತ್ತಿತ್ತಾ?" ಎಂದಳು. ಅವಳು ಮೆಟ್ಟಿಲಿಳಿದು ಹೋದಳು.

ಅಂದಿನಿಂದ ಅವಳು ನನ್ನನ್ನು ಪುಟ್ಟ ಎನ್ನಲಿಲ್ಲ. ಸಾವಿನ ಮನೆಗಳಲ್ಲಿ, ಮದುವೆಗಳಲ್ಲಿ ಎದುರಾದಾಗ, "ಚೆನ್ನಾಗಿದೀರಾ? ಊಟ ಮಾಡ್ಕೊಂಡು ಹೋಗಿ," ಎನ್ನುತ್ತಿದ್ದಳು. ಎತ್ತಿಕೊಂಡು ಆಡಿಸಿದವಳ ಬಾಯಲ್ಲಿ ಬಹುವಚನ. ಬೈದಿದ್ದರೆ ಬಾಗಿಲು ಬಡಿಯಬಹುದಿತ್ತು. ಮರ್ಯಾದೆ ಎಂಬುದು ಬಾಗಿಲೇ ಇಲ್ಲದ ಗೋಡೆ.

ನಾನು ನಿವೃತ್ತನಾದೆ. ಹೆಂಡತಿ ತೀರಿಕೊಂಡಳು. ಕಾರ್ಖಾನೆ ಮುಚ್ಚಿತು. ಅದರ ಹಳೆಯ ಕರ್ನೆಲ್ಲನ್ನು ಯಾರು ಬೇಕಾದರೂ ಓದಲೆಂದು ಹೊರಗಿಟ್ಟರು. ಕಳೆದ ವರ್ಷ ಒಬ್ಬ ಉಪನ್ಯಾಸಕಿ ಫೋನ್ ಮಾಡಿದರು. ಅವರ ಕಾಲೇಜಿನಲ್ಲಿ ಅದನ್ನೇ ಪಾಠಕ್ಕೆ ಇಟ್ಟುಕೊಂಡಿದ್ದರಂತೆ.

"ಆರು ಸಾವಿರ ಸಾಲು, ಸರ್. ಒಂದು ವರ್ಷದಲ್ಲಿ ಪೂರ್ತಿ ಓದಿಸಬಹುದು. ಒಂದೇ ತೊಂದರೆ. ಒಳಗೆ ಏನ್ ನಡೀತಿದೆ ಅಂತ ತೋರ್ಸೋಕೆ ಒಂದು ಕಿಟಕಿಯೂ ಇಲ್ಲ. ಸಿಸ್ಟಮ್ ಕಾಲ್‌ಗಳನ್ನ ಟ್ರೇಸ್ ಮಾಡೋ, ಒಂದೊಂದನ್ನೂ ಬರೆದಿಡೋ ಸೌಲಭ್ಯ ಸೇರಿಸಿಕೊಡ್ತೀರಾ?"

"ನನಗೆ ಅರವತ್ತೊಂಬತ್ತು, ತಾಯಿ."

"ನಿಮ್ಮ ಕರ್ನೆಲ್‌ಗೆ ಇನ್ನೂ ಮೂವತ್ತು, ಸರ್. ಅದರ ಮುಖ ನೋಡಿಯಾದ್ರೂ ಮಾಡಿ."

ಬೆಳಗಿನ ಹೊತ್ತು ಊಟದ ಮೇಜಿನ ಮೇಲೆ ಕಂಪ್ಯೂಟರಿಟ್ಟುಕೊಂಡು ಕೆಲಸಕ್ಕೆ ತೊಡಗಿದೆ. ಕರ್ನೆಲ್ಲಿನೊಳಕ್ಕೆ ಬರುವ ಬಾಗಿಲು ಒಂದೇ. ಆ ಬಾಗಿಲಲ್ಲಿ ಕೇಳಬಹುದಾದ ಕೋರಿಕೆಗಳು ಮೂವತ್ತನಾಲ್ಕು: ತೆರೆ, ಮುಚ್ಚು, ಓದು, ಕಳಿಸು, ಕಾಯಿ, ಮಲಗು, ಸಾಯಿ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸಂಖ್ಯೆಗೆ ಎದುರಾಗಿ ಹೆಸರುಗಳ ಪಟ್ಟಿ ಬರೆದೆ. ಯಾವ ಪ್ರೋಗ್ರಾಮನ್ನು ಗಮನಿಸಬೇಕೋ ಅದರ ನೆತ್ತಿಗೆ ಒಂದು ಗುರುತು. ಗುರುತಿದ್ದವನು ಒಳಗೆ ಬಂದಾಗ ಕೇಳಿದ್ದೇನು, ಕೆಲಸ ಮುಗಿದಾಗ ಕೊಟ್ಟ ಉತ್ತರವೇನು, ಅಷ್ಟನ್ನು ಒಂದು ಸಾಲಾಗಿಸಿದೆ. ನಲವತ್ತಾರರ ಹಮ್ಮು ಭಾರವೆಂದು ದೂರಿದ್ದ ಹೊರೆ ಅರವತ್ತೊಂಬತ್ತರ ನಡುಗುವ ಬೆರಳುಗಳಲ್ಲಿ ಐವತ್ತೇ ಸಾಲುಗಳಲ್ಲಿ ಮುಗಿದಿತ್ತು.

ಮೊದಲನೆಯ ದಿನ ಒಂದು ಎಳಸು ತಪ್ಪು ಮಾಡಿದೆ. ಟ್ರೇಸಿನ ಸಾಲನ್ನು ಪರದೆಗೆ ಬರೆಯುವುದಕ್ಕೂ 'ಕಳಿಸು' ಎಂಬ ಕರೆಯನ್ನೇ ಬಳಸಿದ್ದೆ. ಆ ಕರೆಯನ್ನೂ ಟ್ರೇಸ್ ಹಿಡಿಯಿತು, ಹಿಡಿದದ್ದನ್ನು ಬರೆಯಲು ಮತ್ತೆ ಕರೆಯಿತು, ಅದನ್ನೂ ಹಿಡಿಯಿತು. ಕನ್ನಡಿಗೆ ಕನ್ನಡಿ ಹಿಡಿದಂತೆ ಪರದೆ ತುಂಬ ಒಂದೇ ಸಾಲು. ನಗು ಬಂತು. "ನೋಡಿದ್ರಾ ಭಾವ" ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಬೆನ್ನಿಗೆ ಯಾರ ಬೆನ್ನೂ ತಾಗಲಿಲ್ಲ.

ಟ್ರೇಸ್ ಸರಿಹೋದ ಮೇಲೆ, ಯಾಕೆಂದು ನನ್ನನ್ನು ನಾನೇ ಕೇಳಿಕೊಳ್ಳದೆ, ಹಳೆಯ ಕಡತಗಳಿಂದ ಭಾವನ ಪ್ರೋಗ್ರಾಮನ್ನು ಹುಡುಕಿ ತೆಗೆದೆ. ಅದರ ಮೊದಲ ಸಾಲಿನಲ್ಲಿ ಅವರು ತಮಗೆ ತಾವೇ ಬರೆದುಕೊಂಡ ಟಿಪ್ಪಣಿ ಇತ್ತು: ಉತ್ತರ ನೋಡದೆ ಮುಂದೆ ಹೋಗಬೇಡ. ಎಚ್ಚರಿಕೆ ಹೋಗುವ ತಂತಿಯನ್ನು ಬೇಕೆಂದೇ ತಡೆದು ಸಾವಿರ ಸಲ ಓಡಿಸಿದೆ. ಸಾವಿರ ಸಾಲೂ ಒಂದೇ: ಕಳಿಸು, ಹನ್ನೆರಡು, ಉತ್ತರ, ಮೈನಸ್ ನಾಲ್ಕು.

ಕರ್ನೆಲ್ ಸುಳ್ಳು ಹೇಳಿರಲಿಲ್ಲ. ನಾಚಿಕೆಯಾಗುವಷ್ಟು ಹಗುರಾದೆ. ಅಂದು ಮಧ್ಯಾಹ್ನ ಮಗುವಿನಂತೆ ನಿದ್ದೆ ಮಾಡಿದೆ. ಮರುದಿನ ಎಲ್ಲವನ್ನೂ ಉಪನ್ಯಾಸಕಿಗೆ ಕಳಿಸಿಕೊಟ್ಟೆ.

ಆ ನೆಮ್ಮದಿಯ ಆಯುಸ್ಸು ಒಂಬತ್ತು ದಿನ. ಹತ್ತನೆಯ ದಿನ ಅವರ ಫೋನ್ ಬಂತು.

"ಸರ್, ಟ್ರೇಸ್‌ನಲ್ಲಿ ಏನೋ ಸಣ್ಣ ತಪ್ಪಿದೆ ಅನ್ಸುತ್ತೆ. ಆ ಎಚ್ಚರಿಕೆ ಪ್ರೋಗ್ರಾಮನ್ನ ಒಂದು ಲಕ್ಷ ಸಲ ಓಡಿಸಿದ್ವಿ. ಮೂರು ಸಲ ಮಾತ್ರ, ಟ್ರೇಸ್ ಮೈನಸ್ ನಾಲ್ಕು ಅನ್ನುತ್ತೆ, ಪ್ರೋಗ್ರಾಂ ಮಾತ್ರ ನಂಗೆ ಹನ್ನೆರಡು ಅಂತ ಬಂತು ಅನ್ನುತ್ತೆ. ಪ್ರೋಗ್ರಾಂ ಯಾಕೆ ಸುಳ್ಳು ಹೇಳುತ್ತೆ? ಟ್ರೇಸೇ ತಪ್ಪಿರ್ಬೇಕು ಅಲ್ವಾ?"

ಹೌದೆಂದುಬಿಡಬಹುದಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು. "ನೋಡಿ ಹೇಳ್ತೀನಿ," ಎಂದೆ.

ನಾನು ದೀಪ ಹಚ್ಚಿದ್ದು ಹೊಸ್ತಿಲ ಒಳಗಡೆ. ಕರ್ನೆಲ್ ಉತ್ತರವನ್ನು ನಿರ್ಧರಿಸಿದ ಜಾಗದಲ್ಲೇ ಅದನ್ನು ಬರೆಸಿದ್ದೆ. ನಿರ್ಧಾರವಾದ ಮೇಲೆ, ಪ್ರೋಗ್ರಾಮಿನ ಕೈಗೆ ಉತ್ತರ ಸಿಗುವ ಮುನ್ನ, ಇನ್ನೂ ನಾಲ್ಕು ಹೆಜ್ಜೆಯಿತ್ತು. ಆ ನಾಲ್ಕು ಹೆಜ್ಜೆ ಮೀರಿ, ಕೊನೆಯ ಮೆಟ್ಟಿಲ ಮೇಲೆ ಇನ್ನೊಂದು ಸಾಲು ಬರೆಯುವ ಹಾಗೆ ಮಾಡಿ, ಒಂದು ಲಕ್ಷ ಸಲ ಓಡಿಸಿ ಕಾದೆ.

ಅಪರಾಹ್ನ ಮೂರು ಗಂಟೆಗೆ ಮೊದಲನೆಯದು ಕಂಡಿತು. ಒಳಗೆ ಹೇಳಿದ್ದು: ಮೈನಸ್ ನಾಲ್ಕು. ಹೊರಗೆ ಕೇಳಿಸಿದ್ದು: ಹನ್ನೆರಡು.

ನಮ್ಮ ಯಂತ್ರದಲ್ಲಿ ಎಷ್ಟು ಅಕ್ಷರ ಕಳಿಸಬೇಕೆಂಬ ಕೋರಿಕೆಯೂ ಎಷ್ಟು ಹೋಯಿತೆಂಬ ಉತ್ತರವೂ ಒಂದೇ ಜಾಗದಲ್ಲಿ ಕೂರುತ್ತವೆ. ಕೋರಿಕೆಯನ್ನು ಅಳಿಸಿ ಅಲ್ಲಿ ಉತ್ತರ ಬರೆಯಬೇಕು. ಬರೆಯುವ ಆ ಕ್ಷಣಕ್ಕೇ ಸರಿಯಾಗಿ ಯಂತ್ರದೊಳಗಿನ ಗಡಿಯಾರದ ತಟ್ಟು ಬಂದರೆ, ಕರ್ನೆಲ್ ಅದನ್ನು ಗಮನಿಸಲು ಹೋಗಿ, ಬೇರೆ ದಾರಿಯಿಂದ ಹಿಂತಿರುಗುತ್ತಿತ್ತು. ಆ ದಾರಿಯಲ್ಲಿ ಉತ್ತರ ಬರೆಯುವ ಒಂದು ಸಾಲನ್ನು ನಾನು ಮರೆತಿದ್ದೆ. ಕೋರಿಕೆ ಅಳಿಯದೆ ಹಾಗೇ ಉಳಿಯುತ್ತಿತ್ತು. ಹನ್ನೆರಡು ಕೇಳಿದವನಿಗೆ ತಾನು ಕೇಳಿದ ಹನ್ನೆರಡೇ ಉತ್ತರವೆಂಬಂತೆ ತೋರುತ್ತಿತ್ತು. ಬೇಡಿದವನಿಗೆ ಅವನ ಬೇಡಿಕೆಯನ್ನೇ ಮಡಿಲಿಗೆ ಹಾಕಿ ಕಳಿಸಿದ ಹಾಗೆ.

ಲಕ್ಷಕ್ಕೆ ಮೂರು ಸಲ. ಅದರಲ್ಲೊಂದು, ಒಂದು ಭಾನುವಾರ ಎರಡೂ ಹತ್ತಕ್ಕೆ.

ಉಪನ್ಯಾಸಕಿಗೆ ನಿಜ ತಿಳಿಸಿದೆ. ಆಸ್ಪತ್ರೆಗೂ, ವಿಚಾರಣೆ ನಡೆಸಿದ್ದ ಕಚೇರಿಗೂ ಪತ್ರ ಬರೆದೆ. ಅವೆಲ್ಲ ಒಂದೇ ಬೆಳಗಿನಲ್ಲಿ ಮುಗಿದವು. ಭಾವನಿಗೆ ಹೇಳಬೇಕಾದ ಮಾತಿಗೆ ಮಾತ್ರ ನಾಲ್ಕು ದಿನ ಹಿಡಿಯಿತು. ಬರೆದೆ, ಹರಿದೆ. ಬದುಕಿಡೀ ಕವಿತೆ ಓದಿಕೊಂಡು ಬಂದವನಿಗೆ 'ತಪ್ಪು ನನ್ನದು' ಎಂಬ ಎರಡು ಪದಗಳ ಸುತ್ತ ಅಲಂಕಾರ ಹುಡುಕುವ ಚಪಲ. ಅದು ಚಪಲವೂ ಅಲ್ಲ, ಹೇಡಿತನ.

ಅಕ್ಕನ ಮನೆ ಬಸ್ಸಿನಲ್ಲಿ ಹನ್ನೊಂದನೆಯ ನಿಲ್ದಾಣ. ಅಷ್ಟೇ ದೂರ. ಎರಡನೆಯ ಮಹಡಿ. ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರಗಳ ತುಕ್ಕು ಹಿಡಿದ ಚಕ್ರಗಳನ್ನು ಒರಗಿಸಿಟ್ಟಿದ್ದರು. ಅಕ್ಕ ಬಾಗಿಲು ತೆಗೆದಳು. ಎಪ್ಪತ್ತನಾಲ್ಕರ ಮುಖದಲ್ಲಿ ನಿದ್ದೆಯಿರಲಿಲ್ಲ.

"ಬನ್ನಿ," ಎಂದಳು. "ಯಾರ್ ಹೇಳಿದ್ರು ನಿಮಗೆ?"

"ಏನನ್ನ?"

ಅವಳು ಒಳಗಿನ ಕೋಣೆಯತ್ತ ನಡೆದಳು. ಕಿಟಕಿಯ ಪಕ್ಕದ ಮಂಚದಲ್ಲಿ ಭಾವ ಮಲಗಿದ್ದರು. ಕಣ್ಣು ಮುಚ್ಚಿತ್ತು. ಉಸಿರು, ಹಳೆಯ ಯಂತ್ರದ ಪೆಡಲಿನಂತೆ, ಏರುವಾಗ ಒಂದು ಸದ್ದು, ಇಳಿಯುವಾಗ ಇನ್ನೊಂದು.

"ಮೊನ್ನೆವರೆಗೂ ಮಾತಾಡ್ತಿದ್ರು. ಗುರುವಾರ ಬೆಳಿಗ್ಗೆ ಕಾಫಿ ಸಪ್ಪೆ ಅಂತ ಬೈದ್ರು. ಆಮೇಲೆ ಕಣ್ಣೇ ಬಿಟ್ಟಿಲ್ಲ. ಡಾಕ್ಟ್ರು ಇನ್ನು ಮನೇಲೇ ಇರ್ಲಿ ಅಂದ್ರು."

ಬೆರಳು ಮಡಚಿ ಎಣಿಸಿದೆ. ನೆಮ್ಮದಿಯಾಗಿ ನಿದ್ರಿಸಿದ ಒಂಬತ್ತು ದಿನ, ಮಾತು ಹುಡುಕಿದ ನಾಲ್ಕು ದಿನ. ಅದರಲ್ಲಿ ಮೂರು ದಿನ ಕಡಿಮೆಯಾಗಿದ್ದರೆ ಸಾಕಿತ್ತು.

ಅಲ್ಲೇ ನಿಂತು ಅಕ್ಕನಿಗೆ ಹೇಳಿದೆ. ಅಲಂಕಾರಗಳೆಲ್ಲ ಬಸ್ಸಿನಲ್ಲೇ ಉಳಿದಿದ್ದವು. "ತಪ್ಪು ನನ್ನದು ಅಕ್ಕ. ಭಾವ ಸರಿಯಾಗೇ ಬರೆದಿದ್ರು. ಹೋಗದೇ ಇದ್ದದ್ದನ್ನ ಹೋಯ್ತು ಅಂದಿದ್ದು ನನ್ನ ಕರ್ನೆಲ್. ಎಲ್ಲಾ ಕಡೆಗೂ ಪತ್ರ ಬರೆದಿದೀನಿ."

ಅಕ್ಕ ನೀರಿನ ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದಳು.

"ಪತ್ರ ಯಾರ್ ಓದ್ತಾರೆ? ವಿಚಾರಣೆಗೆ ಬಂದ ಆ ಮೂರು ಜನದಲ್ಲಿ ಇಬ್ರು ಹೋದ್ರು," ಎಂದಳು. ಆಮೇಲೆ ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಎಳೆದಳು. ಒಳಗೆ ಶಾಲೆಯ ಮಕ್ಕಳ ಗೆರೆ ಹಾಕಿದ ನೋಟ್‌ಬುಕ್ಕುಗಳು, ಒಂದರ ಮೇಲೊಂದು. "ವರ್ಷಕ್ಕೊಂದು. ಆ ಪ್ರೋಗ್ರಾಮನ್ನ ನೆನಪಿಂದ ಪೂರ್ತಿ ಕೈಯಲ್ಲಿ ಬರೀತಿದ್ರು. ಎಲ್ಲಿ ತಪ್ಪಿದೀನಿ, ಎಲ್ಲಿ ತಪ್ಪಿದೀನಿ ಅಂತ. ಬಿಡ್ರೀ ಸಾಕು ಅಂದ್ರೆ, 'ಭಾಮೈದ ಹೇಳಿದಾನಲ್ಲೇ, ಅವನು ಸುಮ್ನೆ ಹೇಳೋನಲ್ಲ, ನಂದೇ ಎಲ್ಲೋ ಇದೆ' ಅನ್ನೋರು. ಹೆರಿಗೇಲಿ ತೀರ್ಕೊಂಡ ಆ ಹೆಂಗಸಿನ ತಾಯಿ ಮನೆಗೆ ಹೋಗಿ ಕೈ ಮುಗಿದು ಬಂದ್ರು. ನನ್ನಿಂದಾಯ್ತು ಅಂತ. ನಾನು ನಿಮ್ಮನ್ನ ಬೈದ್ರೆ ನನ್ನನ್ನೇ ಗದರಿಸೋರು."

ಮೇಲಿನ ಪುಸ್ತಕ ಆ ವರ್ಷದ್ದು. ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದವು. ಹದಿನಾರನೆಯ ಪುಟದಲ್ಲಿ, 'ಕಳಿಸು' ಎಂಬ ಕರೆಯ ಹತ್ತಿರ ಬಂದು ಬರವಣಿಗೆ ನಿಂತಿತ್ತು. ಉಳಿದ ಇಪ್ಪತ್ತೆರಡು ಪುಸ್ತಕಗಳನ್ನೂ ತೆರೆದು ನೋಡಿದೆ. ಎಲ್ಲದರಲ್ಲೂ ಆ ಕರೆಯ ಕೆಳಗೆ ಉತ್ತರವನ್ನು ಪರೀಕ್ಷಿಸುವ ಸಾಲು ಇತ್ತು. ಒಂದರಲ್ಲೂ ತಪ್ಪಿರಲಿಲ್ಲ. ಇಪ್ಪತ್ತೆರಡು ಸಲ ಸರಿಯಾದದ್ದನ್ನೇ ಬರೆದು, ಇಪ್ಪತ್ತೆರಡು ಸಲ ಅದರಲ್ಲಿ ತಪ್ಪು ಹುಡುಕಿದ್ದರು.

ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕುಳಿತೆ. ಕಿವಿಯ ಹತ್ತಿರ ಬಾಗಿದೆ.

"ಭಾವ, ನಾನು. ಭಾಮೈದ. ದೀಪ ಹಚ್ಚಿದೆ ಭಾವ, ನೀವು ಹೇಳಿದ ಕಡೆ, ಹೊಸ್ತಿಲ ಹೊರಗೆ. ನೀವು ಹನ್ನೆರಡು ಕೇಳಿದ್ರಿ. ಒಳಗೆ ಮೈನಸ್ ನಾಲ್ಕು ಅಂತಲೇ ಹೇಳಿದ್ದು. ನಿಮಗೆ ಹೊರಗೆ ಹನ್ನೆರಡು ಅಂತ ಕೇಳಿಸ್ತು. ನಿಮ್ಮದೇನೂ ತಪ್ಪಿಲ್ಲ. ನೆಲ ಡೊಂಕಿತ್ತು ಭಾವ. ನೆಲವೇ ಡೊಂಕಿತ್ತು."

ಪೆಡಲು ಏರಿತು, ಇಳಿಯಿತು. ಹೊದಿಕೆಯ ಮೇಲಿದ್ದ ಬಲಗೈಯ ತೋರುಬೆರಳು ಸ್ವಲ್ಪ ಅಲುಗಿತೆನಿಸಿತು. ಬೆಳಗಿನಿಂದ ಅದು ಹಾಗೆ ಎಷ್ಟು ಸಲ ಅಲುಗಿತ್ತೋ ನಾನು ಕಂಡವನಲ್ಲ. ಮತ್ತೊಮ್ಮೆ ಹೇಳಿದೆ, ಮೊದಲಿಗಿಂತ ಜೋರಾಗಿ. ಮೂರನೆಯ ಸಲವೂ ಹೇಳಿದೆ. 'ಆಗಲಿಲ್ಲ, ಮತ್ತೆ ಕೇಳು' ಎಂದಾದರೂ ಯಾರಾದರೂ ಹೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದೆ.

ಕೊನೆಗೆ ತಲೆಯೆತ್ತಿ ಅಕ್ಕನನ್ನು ನೋಡಿದೆ.

"ಕೇಳಿಸ್ತಾ ಅಕ್ಕ ಅವರಿಗೆ? ಮುಟ್ತಾ?"

ಅವಳು ಭಾವನ ಮುಖದತ್ತ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಬಿದ್ದು ಮಂಡಿ ತರಚಿಕೊಂಡು ಬಂದಾಗ ಎಷ್ಟು ಗಾಯವಾಗಿದೆಯೆಂದು ನೋಡುತ್ತಿದ್ದಳಲ್ಲ, ಹಾಗೆ.

"ಮುಟ್ತು ಪುಟ್ಟ," ಎಂದಳು. "ಎಲ್ಲಾ ಮುಟ್ತು."

ನಾನು ಕೇಳಿದ್ದೂ ಅದನ್ನೇ, ಬಂದದ್ದೂ ಅದೇ. ಹನ್ನೆರಡಕ್ಕೆ ಹನ್ನೆರಡು. ಎದ್ದು ಒಳಗೆ ಹೋಗಿ ನೋಡಲು ದಾರಿಯಿರಲಿಲ್ಲ. ಭಾವ ಮೂರನೆಯ ದಿನ ತೀರಿಕೊಂಡರು, ಕಣ್ಣು ಬಿಡದೆಯೇ.

ನಂಬಿಕೊಂಡಿದ್ದೇನೆ. ಅವರೂ ನಂಬಿದ್ದರಲ್ಲ.